ಮೊದಲು ಆ ಚಾರ್ಟನ್ನು ಫ್ರಿಜ್ಜಿನಿಂದ ಕಿತ್ತುಹಾಕಿ

"ಒಂದು ಡಯಟ್ ಚಾರ್ಟ್ ಬರೆದುಕೊಡಿ ಮೇಡಂ. ನಾನು ಹೇಳಿದ್ರೆ ಕೇಳಲ್ಲ, ನೀವು ಹೇಳಿದ್ರೆ ಕೇಳ್ತಾಳೆ."

ಈ ಮಾತು ಕೇಳದೆ ನನ್ನ ಒಂದು ವಾರವೂ ಕಳೆಯುವುದಿಲ್ಲ. ಪಕ್ಕದ ಕುರ್ಚಿಯಲ್ಲಿ ಹದಿನೈದರ ಹುಡುಗಿ ಬ್ಯಾಗಿನ ಜಿಪ್ ಎಳೆಯುತ್ತ ಬಿಡುತ್ತ ಕೂತಿರುತ್ತಾಳೆ. ಅವಳನ್ನು ಕೇಳಿದ ಪ್ರಶ್ನೆಗೆಲ್ಲ ಅಮ್ಮನದೇ ಉತ್ತರ. "ಹಗಲೆಲ್ಲ ಏನೂ ಬೇಡ ಅಂತಾಳೆ, ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಡಬ್ಬಿ ಖಾಲಿ ಮಾಡ್ತಾಳೆ. ಸ್ವಲ್ಪವೂ ಕಂಟ್ರೋಲ್ ಇಲ್ಲ."

ತರಕಾರಿ ತಿನ್ನಬೇಕು, ಸಿಹಿ ಪಾನೀಯ ಕಡಿಮೆ ಮಾಡಬೇಕು ಅನ್ನುವುದಕ್ಕೆಲ್ಲ ನಾನು ಬೇಕಿಲ್ಲ, ಆ ಹುಡುಗಿಗೂ ಅದು ಗೊತ್ತು. ನಾನು ಹೇಳಿ ಹೇಳಿ ಸೋತಿರುವ ಸಂಗತಿ ಒಂದೇ. ರಾತ್ರಿ ಹನ್ನೊಂದರ ಹಸಿವು ಹುಟ್ಟುವುದು ಹಗಲಿನಲ್ಲಿ.

ಹರೆಯದಲ್ಲಿ ದೇಹದ ಗಡಿಯಾರ ಎರಡು ಗಂಟೆಯವರೆಗೂ ಹಿಂದೆ ಬೀಳಬಹುದು. ನಿದ್ದೆ ಬರುವುದೂ ತಡ, ಎಚ್ಚರವಾಗುವುದೂ ತಡ. ಆರಕ್ಕೆ ಎಬ್ಬಿಸಿದರೆ ಹೊಟ್ಟೆ ಇನ್ನೂ ಮಲಗಿರುತ್ತದೆ, ತಿಂಡಿ ಒಳಗಿಳಿಯುವುದಿಲ್ಲ. ಮಧ್ಯಾಹ್ನದ ಡಬ್ಬಿ ಅರ್ಧ ವಾಪಸ್. ಸಂಜೆ ಟ್ಯೂಷನ್. ಇತ್ತ ದೇಹ ಮಾತ್ರ ಸುಮ್ಮನಿರುವುದಿಲ್ಲ. ಭರದಿಂದ ಬೆಳೆಯುವ ವರ್ಷದಲ್ಲಿ ಹುಡುಗರು 9-10 ಸೆಂ.ಮೀ. ಎತ್ತರವಾಗುವುದುಂಟು, ಹುಡುಗಿಯರಿಗೆ ಆ ವರ್ಷ ಇನ್ನೂ ಬೇಗ ಬರುತ್ತದೆ. ಅಮೆರಿಕದ ಶಿಫಾರಸಿನಂತೆ 9ರಿಂದ 18ರ ವಯಸ್ಸಿಗೆ ದಿನಕ್ಕೆ 1300 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ನಲವತ್ತರ ಅಪ್ಪ ಅಮ್ಮನಿಗೆ 1000 ಸಾಕು. ಹೀಗೆ ಕಟ್ಟಡ ಏಳುತ್ತಿರುವಾಗ ಇಟ್ಟಿಗೆ ಕೊಡುವುದನ್ನೇ ನಿಲ್ಲಿಸಿ, ಮೇಲೆ "ಕಂಟ್ರೋಲ್ ಇಲ್ಲ" ಅಂತ ಬೈಗುಳ ಬೇರೆ.

ಕಂಟ್ರೋಲಿನ ವಿಷಯ ಬಂದರೆ ನನಗೆ ಮಿನೆಸೋಟ ಪ್ರಯೋಗ ನೆನಪಾಗುತ್ತದೆ. 1944-45ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 36 ಗಟ್ಟಿಮುಟ್ಟಾದ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧಕ್ಕೆ ಹೋಗಲಾರೆವೆಂದು ಸರ್ಕಾರಕ್ಕೇ ಎದುರು ನಿಂತವರು ಅವರು, ಮನೋಬಲಕ್ಕೇನು ಕೊರತೆ? ಆದರೂ ಅಡುಗೆ ಪುಸ್ತಕ ಓದುತ್ತ ಕೂತರು, ತಟ್ಟೆ ನೆಕ್ಕಿದರು. ಆಮೇಲೆ ಊಟ ಸಿಕ್ಕಾಗ, ಹೊಟ್ಟೆ ತುಂಬಿದ ಮೇಲೂ ಕೆಲವರ ಹಸಿವು ಇಂಗಲಿಲ್ಲ. ಅವರಿಗೇ ಆಗದ್ದನ್ನು ಎಂಟನೇ ಕ್ಲಾಸಿನ ಮಗುವಿನಿಂದ ಬಯಸುತ್ತೇವೆ.

ನಾನೂ ಒಂದು ಕಾಲಕ್ಕೆ ಚಾರ್ಟ್ ಬರೆದುಕೊಟ್ಟವಳೇ. ಒಬ್ಬ ಹುಡುಗನ ತಂದೆ ಅದನ್ನು ಲ್ಯಾಮಿನೇಟ್ ಮಾಡಿಸಿ ಫ್ರಿಜ್ಜಿಗೆ ಅಂಟಿಸಿ, ದಾರದಲ್ಲಿ ಮಾರ್ಕರ್ ಪೆನ್ನೂ ತೂಗುಹಾಕಿದ್ದರು. ಮೂರು ತಿಂಗಳಾದ ಮೇಲೆ ನೋಡಿದರೆ ಟಿಕ್ ಒಂದೂ ತಪ್ಪಿಲ್ಲ, ತೂಕ ಮಾತ್ರ ಏರಿದೆ. ತಂದೆಯನ್ನು ಹೊರಗೆ ಕೂರಿಸಿ ಹುಡುಗನನ್ನೇ ಕೇಳಿದೆ. "ಟಿಕ್ ಹಾಕೋದು ಸುಲಭ ಮೇಡಂ, ಬಿಸ್ಕೆಟ್ ಕವರ್ ಎಲ್ಲಿ ಬಿಸಾಕೋದು ಅನ್ನೋದೇ ಕಷ್ಟ" ಅಂದ. ಕವರುಗಳನ್ನೆಲ್ಲ ಮಟ್ಟಸವಾಗಿ ಮಡಚಿ ಹಳೆಯ ಅಟ್ಲಾಸಿನ ಹಾಳೆಗಳ ನಡುವೆ ಇಡುತ್ತಿದ್ದನಂತೆ. ಆ ಚಾರ್ಟ್ ಬರೆದ ಕೈ ನನ್ನದು.

ಈಗ ಮನೆಯವರಿಗೆ ಹೇಳುವುದು ಇಷ್ಟು. ಏನು ಅಡುಗೆ, ಎಷ್ಟು ಹೊತ್ತಿಗೆ ಅನ್ನುವುದು ನಿಮ್ಮದು. ಎಷ್ಟು ತಿನ್ನಬೇಕು ಅನ್ನುವುದು ಮಗುವಿನದು. ಈ ಹಂಚಿಕೆ ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಅವರದು, ನಾನು ಸಾಲ ತಂದದ್ದು. ಬೆಳಗ್ಗೆ ಹಾಲೋ ಬಾಳೆಹಣ್ಣೋ ಸಾಕು, ಉಳಿದದ್ದು ಹತ್ತರ ಬಿಡುವಿಗೆ ಡಬ್ಬಿಯಲ್ಲಿರಲಿ. ಶಾಲೆಯಿಂದ ಬಂದ ಕೂಡಲೇ ಕಾಳೋ ಮೊಟ್ಟೆಯೋ ಇರುವ ನಿಜವಾದ ಊಟವಾಗಲಿ. ಉಣ್ಣುವಾಗ ತೂಕದ ಮಾತು ಬೇಡವೇ ಬೇಡ, ತಮಾಷೆಗೂ ಬೇಡ. ಮೊದಲ ಎರಡು ಮೂರು ವಾರ ಮಗು ಜಾಸ್ತಿಯೇ ತಿನ್ನಬಹುದು. ಗಾಬರಿಯಾಗಿ ಫೋನ್ ಮಾಡುವವರು ಮಾಡುತ್ತಾರೆ, ಮಾಡಲಿ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಕಾಗುತ್ತದೆ ಎನ್ನಲಾರೆ. ತೂಕ ಸರಸರ ಇಳಿಯುತ್ತಿದ್ದರೆ, ಮುಟ್ಟು ನಿಂತಿದ್ದರೆ, ಉಂಡ ತಕ್ಷಣ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ ಈ ಲೇಖನ ಬದಿಗಿಟ್ಟು ವೈದ್ಯರ ಬಳಿ ಹೋಗಿ.

ಜಿಪ್ ಎಳೆಯುತ್ತಿದ್ದ ಹುಡುಗಿಯ ಅಮ್ಮ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಚಾರ್ಟ್ ಇಲ್ವಾ?" ಅಂದರು. ಚೀಟಿಯಲ್ಲಿ "ಸಂಜೆ ಐದಕ್ಕೆ ಹೊಟ್ಟೆ ತುಂಬ ಊಟ" ಎಂದು ಬರೆದುಕೊಟ್ಟೆ. ಎರಡೆರಡು ಸಲ ಓದಿ, ಬಾಗಿಲವರೆಗೂ ಹೋಗಿ ತಿರುಗಿ ಬಂದರು.

"ಎಷ್ಟು ಗ್ರಾಂ ಮೇಡಂ?"