5760 ಎಂಬ ಮಂತ್ರವೂ ಒಂದು ಹನಿ ಇಂಕೂ

ಫೋಟೋ ಪ್ರಿಂಟರ್ ಕೊಳ್ಳಲು ಹೋದವರಿಗೆ ಅಂಗಡಿಯವರು ಮೊದಲು ತೋರಿಸುವುದು ಡಬ್ಬದ ಮೇಲಿನ ಒಂದು ಸಂಖ್ಯೆ. 5760×1440 ಡಿಪಿಐ, ಅಂದರೆ ಇಂಚಿಗೆ ಅಷ್ಟು ಚುಕ್ಕೆ. ಪಕ್ಕದ ಡಬ್ಬದ ಮೇಲೆ 4800×1200 ಅಂತ ಇರುತ್ತದೆ. ಜಾಸ್ತಿ ಇರುವುದೇ ಒಳ್ಳೆಯದು ಅಂತ ಇಬ್ಬರೂ ತಲೆಯಾಡಿಸುತ್ತಾರೆ, ವ್ಯಾಪಾರ ಮುಗಿಯುತ್ತದೆ. ಈ ಸಂಖ್ಯೆಯ ಮೇಲೆ ಜನ ಇಟ್ಟಿರುವ ಭಕ್ತಿ ನೋಡಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮನೆಯಲ್ಲಿ ಒಳ್ಳೆಯ ಫೋಟೋ ಬರುವುದಕ್ಕೂ ಅದಕ್ಕೂ ಇರುವ ನಂಟು ತೀರಾ ತೆಳು.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಇಂಚಿಗೆ 25.4 ಮಿಲಿಮೀಟರ್. ಅದನ್ನು 5760ರಿಂದ ಭಾಗಿಸಿದರೆ ಒಂದು ಚುಕ್ಕೆಗೆ ಸಿಗುವ ಜಾಗ ಸುಮಾರು 4.4 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಈಗ ಹನಿಯ ಕಡೆ ಬನ್ನಿ. ಒಳ್ಳೆಯ ಫೋಟೋ ಪ್ರಿಂಟರ್ ಉದುರಿಸುವ ಅತಿ ಚಿಕ್ಕ ಹನಿ ಸುಮಾರು 1.5 ಪಿಕೊಲೀಟರ್. ಅಂಥ 66 ಕೋಟಿಗೂ ಹೆಚ್ಚು ಹನಿ ಸೇರಿದರೆ ಒಂದು ಮಿಲಿಲೀಟರ್. ಅಷ್ಟು ಸಣ್ಣದಾದರೂ ಹಾರುವಾಗ ಆ ಹನಿಯ ಅಡ್ಡಳತೆ 14 ಮೈಕ್ರಾನ್. ಕಾಗದಕ್ಕೆ ಬಡಿದ ಮೇಲೆ ಇನ್ನೂ ಹರಡುತ್ತದೆ. 4.4 ಮೈಕ್ರಾನ್ ಜಾಗದಲ್ಲಿ ಕೂರಬೇಕಾದ ಚುಕ್ಕೆ ಅದರ ಮೂರು ಪಟ್ಟಿಗಿಂತ ದಪ್ಪ! ಅವು ಬಿಡಿಬಿಡಿಯಾಗಿ ನಿಲ್ಲಲು ಸಾಧ್ಯವೇ ಇಲ್ಲ. 5760 ಎನ್ನುವುದು ಯಂತ್ರ ಎಷ್ಟು ನಾಜೂಕಾಗಿ ಗುರಿ ಇಡಬಲ್ಲದು ಎನ್ನುವ ಮಾತು. ಅಷ್ಟು ವಿವರ ಫೋಟೋದಲ್ಲಿ ಮೂಡುತ್ತದೆ ಅಂತ ಅಲ್ಲ.

ಕಣ್ಣಿಗೂ ಅಷ್ಟು ಬೇಕಾಗಿಲ್ಲ. ಕೈಯಲ್ಲಿ ಹಿಡಿದು ಫೋಟೋ ನೋಡುವ ದೂರದಲ್ಲಿ, ಅಂದರೆ 30 ಸೆಂಟಿಮೀಟರಿನಲ್ಲಿ, ನಮ್ಮ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲದ್ದು ಸುಮಾರು 0.09 ಮಿಲಿಮೀಟರ್ ಅಂತರವನ್ನು. ಇಂಚಿಗೆ 300 ಪಿಕ್ಸೆಲ್ (ಚಿತ್ರದ ಬಿಡಿ ಚೌಕ) ಇದ್ದರೆ ಅಷ್ಟಾಯಿತು. 4×6 ಇಂಚಿನ ಫೋಟೋಗೆ 1200×1800 ಪಿಕ್ಸೆಲ್, ಅಂದರೆ 22 ಲಕ್ಷದಷ್ಟು. ಪೂರ್ತಿ ಎ4 ಹಾಳೆಗೆ ಸುಮಾರು 87 ಲಕ್ಷ. ನಿಮ್ಮ ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾ 1.2 ಕೋಟಿ ಕೊಡುತ್ತದೆ. ಸಾಕೋ ಸಾಕು. ಆದರೆ ಅದೇ ಫೋಟೋ ವಾಟ್ಸಾಪ್‌ನಲ್ಲಿ ನಾಲ್ಕು ಗುಂಪು ಸುತ್ತಿ ಬಂದಿದ್ದರೆ ಕುಗ್ಗಿ ಹೋಗಿರುತ್ತದೆ. ಪ್ರಿಂಟ್ ಹಾಕಿಸುವ ಫೋಟೋ ಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಹಾಗಾದರೆ ಇಂಚಿಗೆ 300 ಸಾಕು ಅಂದಮೇಲೆ ಸಾವಿರಾರು ಚುಕ್ಕೆ ಯಾಕೆ? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಸಂಗತಿ ಇಲ್ಲೇ ಇದೆ. ಪ್ರಿಂಟರ್‌ಗೆ ಬೂದು ಬಣ್ಣ ಗೊತ್ತಿಲ್ಲ. ತಿಳಿಗುಲಾಬಿಯೂ ಗೊತ್ತಿಲ್ಲ. ಟಿವಿ ಪರದೆಯ ಪಿಕ್ಸೆಲ್ ಮಂಕಾಗಬಲ್ಲದು, ಪ್ರಖರವಾಗಬಲ್ಲದು. ಇಂಕಿನ ಹನಿಗೆ ಆ ಸವಲತ್ತಿಲ್ಲ. ಬಿದ್ದರೆ ಪೂರ್ತಿ ಕಪ್ಪು, ಬೀಳದಿದ್ದರೆ ಕಾಗದದ ಬಿಳುಪು. ಇಂಕು ಉದುರಿಸುವ ಭಾಗಕ್ಕೆ ಹೆಡ್ ಅನ್ನುತ್ತಾರೆ; ಈಗಿನ ಹೆಡ್‌ಗಳು ಎರಡು ಮೂರು ಗಾತ್ರದ ಹನಿ ಬೀಳಿಸುತ್ತವೆ, ನಿಜ. ಆದರೂ ಮೂಲ ತೊಂದರೆ ಹಾಗೇ ಇದೆ. ಹೌದು, ಇಲ್ಲ ಎಂಬ ಎರಡೇ ಉತ್ತರ ಬಲ್ಲ ಯಂತ್ರ ಮಗುವಿನ ಕೆನ್ನೆಯನ್ನು ಹೇಗೆ ಬರೆಯುತ್ತದೆ?

ಸಾಲದ ಲೆಕ್ಕದಿಂದ. ನೀವು ದಿನಾ ಮೂರು ರೂಪಾಯಿ ಕೊತ್ತಂಬರಿ ಸೊಪ್ಪು ಕೊಳ್ಳುತ್ತೀರಿ ಅನ್ನಿ. ನಿಮ್ಮ ಹತ್ತಿರ ಇರುವುದು ಬರೀ ಹತ್ತು ರೂಪಾಯಿ ನೋಟು, ಅಂಗಡಿಯವರ ಹತ್ತಿರ ಚಿಲ್ಲರೆ ಇಲ್ಲ. ಬಾಕಿ ಐದು ಮುಟ್ಟಿದಾಗ ಒಂದು ನೋಟು ಕೊಡುವುದು ಅಂತ ಒಪ್ಪಂದ. ಮೊದಲ ದಿನ ಮೂರು ಬಾಕಿ, ಏನೂ ಕೊಡುವುದಿಲ್ಲ. ಎರಡನೇ ದಿನ ಬಾಕಿ ಆರಾಗುತ್ತದೆ, ನೋಟು ಕೊಡುತ್ತೀರಿ. ಈಗ ಅವರೇ ನಿಮಗೆ ನಾಲ್ಕು ಕೊಡಬೇಕು. ಮೂರನೇ ದಿನ ಅದು ಒಂದಕ್ಕೆ ಇಳಿಯಿತು. ನಾಲ್ಕನೇ ದಿನ ನಿಮ್ಮ ಬಾಕಿ ಎರಡು. ಐದನೇ ದಿನ ಐದು ಮುಟ್ಟಿತು, ಇನ್ನೊಂದು ನೋಟು. ಹೀಗೇ ಮುಂದುವರಿಸಿದರೆ ಮೂರನೇ ನೋಟು ಒಂಬತ್ತನೇ ದಿನ ಹೋಗುತ್ತದೆ. ಹತ್ತನೇ ದಿನಕ್ಕೆ ಲೆಕ್ಕ ಚುಕ್ತಾ. ಹತ್ತು ದಿನ, ಮೂರು ನೋಟು, ಒಂದು ಪೈಸೆ ಆಚೀಚೆ ಇಲ್ಲ. ಪ್ರಿಂಟರ್ ಮಾಡುವುದೂ ಇದೇ. ಒಂದು ಜಾಗಕ್ಕೆ ನೂರರಲ್ಲಿ 30 ಪಾಲು ಕಪ್ಪು ಬೇಕು. ಹನಿ ಹಾಕಿದರೆ 70 ಹೆಚ್ಚಾಗುತ್ತದೆ, ಬಿಟ್ಟರೆ 30 ಕಡಿಮೆ. ಬಿಟ್ಟುಬಿಡುತ್ತದೆ, ಆ 30ನ್ನು ನೆರೆಮನೆಯ ಖಾತೆಗೆ ಬರೆಯುತ್ತದೆ. ಹತ್ತು ಜಾಗದಲ್ಲಿ ಮೂರು ಹನಿ ಬೀಳುತ್ತದೆ, ದೂರದಿಂದ ನೋಡುವ ಕಣ್ಣು ತಿಳಿಬೂದು ಅಂತ ನಂಬುತ್ತದೆ.

ಈ ಲೆಕ್ಕವನ್ನು 1976ರಲ್ಲಿ ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿಸ್ ಸ್ಟೈನ್‌ಬರ್ಗ್ ಪ್ರಕಟಿಸಿದರು. ಅವರು ಬಾಕಿಯನ್ನು ಒಬ್ಬ ನೆರೆಯವನ ತಲೆಗೇ ಕಟ್ಟಲಿಲ್ಲ. ಹದಿನಾರು ಪಾಲು ಮಾಡಿ ಬಲಗಡೆಗೆ ಏಳು, ಕೆಳಗಿನ ಸಾಲಿನ ಮೂರು ಜಾಗಗಳಿಗೆ ಮೂರು, ಐದು, ಒಂದು ಅಂತ ಹಂಚಿದರು. ಇವತ್ತಿನ ಪ್ರಿಂಟರ್ ಕಂಪನಿಗಳು ತಮ್ಮದೇ ಬೇರೆ ಸೂತ್ರಗಳನ್ನು ಬಳಸುತ್ತವೆ. ಆದರೆ ಬಿಡಿ ಚುಕ್ಕೆಗಳಿಂದ ಕಣ್ಣನ್ನು ನಂಬಿಸುವ ಕೆಲಸ ಬದಲಾಗಿಲ್ಲ. ಅಷ್ಟೊಂದು ಚುಕ್ಕೆ ಬೇಕಾಗಿರುವುದೂ ಇದಕ್ಕೇ. ಒಂದು ಪಿಕ್ಸೆಲ್‌ನ ಒಂದು ಛಾಯೆ ತೋರಿಸಲು ಒಂದು ಹಿಂಡು ಚುಕ್ಕೆ ಬೇಕು.

ಇದು ಕಂಪ್ಯೂಟರ್ ಕಾಲದ ಉಪಾಯ ಅಂದುಕೊಳ್ಳಬೇಡಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. ಮೂಲ ಚಿತ್ರ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಯಂಥ ಕಡೆ ಹೋಗಬೇಕು. ಅಚ್ಚಾದ ಲಕ್ಷ್ಮಿ, ಸರಸ್ವತಿಯರಾದರೋ ಮನೆಮನೆಯ ದೇವರ ಕೋಣೆಗೇ ಬಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಆ ಕಲ್ಲಿನ ಮೇಲೆ ಚಿತ್ರಗಾರರು ಕೂತು ಕೈಯಲ್ಲೇ ಚುಕ್ಕೆ ಇಡುತ್ತಿದ್ದರು. ಹಳೆಯ ಅಂಥ ಪಟ ನಿಮ್ಮ ಮನೆಯಲ್ಲಿದ್ದರೆ ಭೂತಗನ್ನಡಿ ಹಿಡಿದು ದೇವಿಯ ಕೆನ್ನೆ ನೋಡಿ. ನೆರಳು ಶುರುವಾಗುವ ಕಡೆ ಚುಕ್ಕೆ ದಟ್ಟವಾಗುತ್ತಾ ಹೋಗುತ್ತದೆ. ಆ ಕೆಲಸಗಾರರ ಕೈಲಿದ್ದ ಲೆಕ್ಕವೇ ಈಗ ಚಿಪ್‌ನೊಳಗಿದೆ.

ಇಷ್ಟು ತಿಳಿದ ಮೇಲೆ ಪ್ರಿಂಟರ್ ಆರಿಸುವುದು ಸುಲಭ. ಕಷ್ಟವಿರುವುದು ಕಡುಬಣ್ಣದಲ್ಲಿ ಅಲ್ಲ, ತಿಳಿಬಣ್ಣದಲ್ಲಿ. ಬಿಳಿ ಪಂಚೆಯ ಮಡಿಕೆ, ಬೆಳಗಿನ ಆಕಾಶ, ಹಣೆಯ ಮೇಲಿನ ಹೊಳಪು, ಇಲ್ಲೆಲ್ಲ ಬೇಕಾಗಿರುವುದು ಬೆರಳೆಣಿಕೆಯ ಹನಿ. ಅವು ದೂರದೂರ ಬಿದ್ದು ಮರಳು ಚೆಲ್ಲಿದಂತೆ ಕಾಣುತ್ತವೆ. ಇದಕ್ಕೆ ಎಪ್ಸನ್ ಎಲ್8050ರಂಥ ಆರು ಬಣ್ಣದ ಪ್ರಿಂಟರ್‌ಗಳು ಕಂಡುಕೊಂಡ ದಾರಿ ತಿಳಿ ಸಯಾನ್ (ಹಸಿರು ಬೆರೆತ ನೀಲಿ) ಮತ್ತು ತಿಳಿ ಮಜೆಂತಾ (ನೇರಳೆಗೆಂಪು). ಇಂಕೇ ಪೇಲವವಾಗಿದ್ದರೆ ಅದೇ ಛಾಯೆಗೆ ಹೆಚ್ಚು ಹನಿ ಬೇಕು. ಹೆಚ್ಚು ಹನಿ ಬಿದ್ದರೆ ನಡುವಿನ ಖಾಲಿ ತುಂಬಿ ನುಣುಪು ಬರುತ್ತದೆ. ಕ್ಯಾನನ್ ಜಿ570 ಬೇರೆ ದಾರಿ ಹಿಡಿದಿದೆ. ಅದರ ಹೆಚ್ಚುವರಿ ಎರಡು ಇಂಕು ಬೂದು ಮತ್ತು ಕೆಂಪು. ಬೂದು ಇದ್ದರೆ ಕಪ್ಪು ಬಿಳುಪು ಫೋಟೋಗಳಿಗೆ ಹಸಿರು, ನೇರಳೆ ಛಾಯೆ ಅಷ್ಟಾಗಿ ತಗುಲುವುದಿಲ್ಲ. ತಾತನ ಕಾಲದ ಫೋಟೋಗಳನ್ನು ಸ್ಕ್ಯಾನ್ ಮಾಡಿ ತೆಗೆಯುವವರಿಗೆ ಇದು ಹಿತ. ಮುಖ, ಮದುವೆ, ಪ್ರವಾಸ ಅಂದರೆ ನನ್ನ ಓಟು ತಿಳಿ ಇಂಕುಗಳಿಗೆ.

ನಾಲ್ಕೇ ಬಣ್ಣದ ಟ್ಯಾಂಕ್ ಪ್ರಿಂಟರ್ ಕೊಳ್ಳುವವರು ಒಂದನ್ನು ಕೇಳಿಕೊಳ್ಳಿ. ಕೆಲವು ಮಾದರಿಗಳಲ್ಲಿ ಕಪ್ಪು ಇಂಕು ಬರೀ ಅಕ್ಷರಕ್ಕೆ. ಗ್ಲಾಸಿ ಕಾಗದದ ಮೇಲೆ ಅದು ಹಿಡಿಯುವುದಿಲ್ಲ, ಹಾಗಾಗಿ ಫೋಟೋದಲ್ಲಿ ಯಂತ್ರ ಉಳಿದ ಮೂರನ್ನು ಬೆರೆಸಿ ಕಪ್ಪು ಮಾಡುತ್ತದೆ. ಅದು ಕಪ್ಪಾಗಿ ಕಾಣದೆ ಗಾಢ ಕಂದಾಗಿ ಕಾಣುತ್ತದೆ. ಕೂದಲು ನೋಡಿದ ತಕ್ಷಣ ಗೊತ್ತಾಗುತ್ತದೆ.

ಹನಿ ಚಿಮ್ಮಿಸುವ ಬಗೆ ಎರಡು. ಕ್ಯಾನನ್‌ನ ಇಚಿರೊ ಎಂಡೊ 1977ರಲ್ಲಿ ಪ್ರಯೋಗಾಲಯದಲ್ಲಿದ್ದಾಗ ಬಿಸಿ ಸೋಲ್ಡರಿಂಗ್ ಕಡ್ಡಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಗುಲಿ ಇಂಕು ಪಿಚಕ್ ಅಂತ ಹಾರಿತು. ಅಲ್ಲಿಂದ ಹುಟ್ಟಿದ್ದು ಗುಳ್ಳೆಯ ತಂತ್ರ. ಪುಟ್ಟ ಹೀಟರ್ ಕೆಲವೇ ಮೈಕ್ರೊಸೆಕೆಂಡಿನಲ್ಲಿ 300 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ, ಆವಿಯ ಗುಳ್ಳೆ ಎದ್ದು ಇಂಕನ್ನು ತಳ್ಳುತ್ತದೆ. ಎಚ್‌ಪಿಯವರೂ ತಾವಾಗಿಯೇ ಇದೇ ಉಪಾಯ ಕಂಡುಕೊಂಡು 1984ರಲ್ಲಿ ಥಿಂಕ್‌ಜೆಟ್ ಮಾರಾಟಕ್ಕೆ ತಂದರು. ಎಪ್ಸನ್‌ನದು ಬಿಸಿಯ ಹಂಗಿಲ್ಲದ ದಾರಿ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ತಿರುವುಮುರುವಾಗಿ ವಿದ್ಯುತ್ ಕೊಟ್ಟರೆ ಹರಳು ಮಿಸುಕುತ್ತದೆ. ಆ ಮಿಸುಕಾಟವೇ ಇಂಕನ್ನು ಹಿಂಡುತ್ತದೆ. ಕೊಳ್ಳುವವರಿಗೆ ಇದರಿಂದ ಏನು? ಎಪ್ಸನ್‌ನಲ್ಲಿ ಹೆಡ್ ಯಂತ್ರದ ಭಾಗ, ಕಟ್ಟಿಕೊಂಡು ಕೆಟ್ಟರೆ ರಿಪೇರಿ ದುಬಾರಿ. ಗುಳ್ಳೆಯ ತಂತ್ರದ ಯಂತ್ರಗಳಲ್ಲಿ ಹೆಡ್ಡನ್ನು ನಾವೇ ಬಿಚ್ಚಿ ಬದಲಿಸಬಹುದಾದ ಮಾದರಿಗಳು ಬೇಕಾದಷ್ಟಿವೆ.

ಇವರೆಲ್ಲರಿಗಿಂತ ಮೊದಲೇ ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್ ಸಣ್ಣ ಗಾಜಿನ ನಳಿಕೆಯಿಂದ ಇಂಕು ಚಿಮ್ಮಿಸಿ ಹೃದಯ ಬಡಿತದ ಗೆರೆ ಬರೆಯುವ ಯಂತ್ರ ಮಾಡಿದ್ದರು. ಅದರ ಪೇಟೆಂಟ್ 1951ರದು. 1958ರಲ್ಲಿ ಮನುಷ್ಯನ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಮಾಡಿದವರೂ ಅವರೇ! ಅದನ್ನು ಹಾಕಿಸಿಕೊಂಡ ಆರ್ನೆ ಲಾರ್ಸನ್ ಒಂದಾದ ಮೇಲೊಂದು ಪೇಸ್‌ಮೇಕರ್ ಬದಲಿಸಿಕೊಳ್ಳುತ್ತಾ 2001ರವರೆಗೆ ಬದುಕಿದ್ದರು. ಪ್ರಿಂಟರ್ ಆರಿಸಲು ಈ ಕಥೆಯಿಂದ ಏನೂ ಉಪಯೋಗವಿಲ್ಲ. ಹೇಳದೆ ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ಕಾಗದದ ವಿಷಯಕ್ಕೆ ಬರೋಣ. ಸಾದಾ ಹಾಳೆಯಲ್ಲಿ ನಾರುಗಳು ಇಂಕನ್ನು ಎಳೆದುಕೊಂಡು ಚುಕ್ಕೆ ಕದಡಿಹೋಗುತ್ತದೆ. ಅಲ್ಲಿಗೆ ಸಾಲದ ಲೆಕ್ಕವೆಲ್ಲ ಗಂಗೆಯ ಪಾಲು. ಇಂಕ್‌ಜೆಟ್ ಫೋಟೋ ಕಾಗದದ ಮೇಲೆ ಸಿಲಿಕಾ ಅಥವಾ ಅಲ್ಯುಮಿನಾದ ಸೂಕ್ಷ್ಮ ರಂಧ್ರಗಳ ಪದರ ಇರುತ್ತದೆ. ಹನಿ ಬಿದ್ದಲ್ಲೇ ಇಂಗುತ್ತದೆ, ಅಕ್ಕಪಕ್ಕ ಹರಿಯುವುದಿಲ್ಲ. ಮದುವೆ ಕಾರ್ಡಿನ ಅಂಗಡಿಯಲ್ಲಿ ಸಿಗುವ ಹೊಳಪಿನ ಆರ್ಟ್ ಪೇಪರ್ ಇದಲ್ಲ. ಅದರ ಮೇಲೆ ಇಂಕು ಒಣಗದೆ ಹಾಗೇ ನಿಲ್ಲುತ್ತದೆ. ಪ್ರಿಂಟ್ ಕೊಡುವ ಮೊದಲು ಸೆಟ್ಟಿಂಗಿನಲ್ಲಿ ಕಾಗದದ ಬಗೆಯನ್ನು ಸರಿಯಾಗಿ ಆರಿಸಿ. ಎಷ್ಟು ಇಂಕು ಸುರಿಯಬೇಕು, ಯಾವ ಕಪ್ಪು ಬಳಸಬೇಕು ಎನ್ನುವುದನ್ನೆಲ್ಲ ಯಂತ್ರ ಅಲ್ಲಿಂದಲೇ ತಿಳಿಯುತ್ತದೆ. ಬಣ್ಣ ಕೆಟ್ಟಿದೆ ಅಂತ ಬರುವ ದೂರುಗಳಲ್ಲಿ ಬಹುಪಾಲಿಗೆ ಮದ್ದು ಈ ಒಂದು ಕ್ಲಿಕ್. ಇನ್ನು ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕಾಗದವನ್ನು ಅದರ ಪ್ಲಾಸ್ಟಿಕ್ ಲಕೋಟೆಯಲ್ಲೇ ಇಡಿ. ತೇವ ಕುಡಿದ ಕಾಗದದ ಮೇಲೆ ಚುಕ್ಕೆ ಹರಡುತ್ತದೆ.

ಬಣ್ಣ ಎಷ್ಟು ವರ್ಷ ಬಾಳುತ್ತದೆ? ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ತಯಾರಿಸುವ ಚುನಾವಣೆಯ ಶಾಯಿ ನಿಮ್ಮ ಬೆರಳ ಮೇಲೆ ಬಿಸಿಲಿಗೆ ಇನ್ನಷ್ಟು ಕಪ್ಪಾಗುತ್ತದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಪ್ರಿಂಟರಿನ ಇಂಕಿನದು ತದ್ವಿರುದ್ಧ ಸ್ವಭಾವ, ಬಿಸಿಲು ಕಂಡರೆ ಬಣ್ಣ ಬಿಡುತ್ತದೆ. ಡೈ ಇಂಕಿನಲ್ಲಿ ಬಣ್ಣ ಕರಗಿರುತ್ತದೆ, ಅಣು ಅಣುವಾಗಿ ಒಡೆಯುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣ ಪುಟ್ಟ ಗಟ್ಟಿ ಕಣಗಳಾಗಿರುವುದರಿಂದ ಹೊರಮೈ ಹಾಳಾದರೂ ಒಳಗೆ ಉಳಿದಿರುತ್ತದೆ. ಆದರೆ ಬೆಳಕೊಂದೇ ಶತ್ರು ಅಲ್ಲ. 2000ದಲ್ಲಿ ಬಂದ ಎಪ್ಸನ್ ಸ್ಟೈಲಸ್ ಫೋಟೋ 870 ಮತ್ತು 1270ರ ಕೆಲವು ಪ್ರಿಂಟ್‌ಗಳು ವಾರಗಳಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಗಾಳಿಯಲ್ಲಿನ ಓಝೋನ್ ಆ ರಂಧ್ರಗಳ ಕಾಗದದೊಳಗೆ ಹೊಕ್ಕು ಸಯಾನ್ ಡೈಯನ್ನು ತಿಂದುಹಾಕಿತ್ತು. ಗಾಜಿನ ಫ್ರೇಮ್ ಅಥವಾ ಮುಚ್ಚಿದ ಆಲ್ಬಮ್ ಬೇಕಾಗುವುದು ಇದಕ್ಕೇ. ಆದರೆ ಪ್ರಿಂಟ್ ಬಂದ ಕೂಡಲೇ ಫ್ರೇಮ್ ಹಾಕಬೇಡಿ. ಒಂದು ದಿನ ಒಣಗಲು ಬಿಡಿ, ಇಲ್ಲದಿದ್ದರೆ ಗಾಜಿನ ಒಳಗೆ ಮಂಜು ಕೂರುತ್ತದೆ.

ಬೇರೆ ಕಂಪನಿಯ ಅಗ್ಗದ ಇಂಕು ಹಾಕಿದರೆ ಪ್ರಿಂಟರ್ ಸತ್ತೇ ಹೋಗುತ್ತದೆ ಅಂತ ಒಂದು ಪಂಗಡ, ಎಲ್ಲಾ ಇಂಕೂ ಒಂದೇ ಅಂತ ಇನ್ನೊಂದು. ಎರಡನ್ನೂ ನಂಬಬೇಡಿ. ಹನಿಯ ಗಾತ್ರ ನಿಂತಿರುವುದು ಇಂಕು ಎಷ್ಟು ತೆಳು, ಎಷ್ಟು ಅಂಟು ಎನ್ನುವುದರ ಮೇಲೆ. ಅದು ಬದಲಾದರೆ ಬಣ್ಣ ವಾಲುತ್ತದೆ, ಬಾಳಿಕೆಯೂ ಬದಲಾಗುತ್ತದೆ. ಶಾಲೆಯ ಪ್ರಾಜೆಕ್ಟಿಗೆ ಆದೀತು, ಗೋಡೆಗೆ ಹಾಕುವ ಫೋಟೋಗೆ ಬೇಡ.

ಸುಮ್ನೆ ಇಟ್ಟಷ್ಟೂ ಈ ಯಂತ್ರ ಕೆಡುತ್ತದೆ. ಕೂದಲಿಗಿಂತ ಸಣ್ಣ ತೂತುಗಳಲ್ಲಿ ಇಂಕು ಒಣಗಿದರೆ ಫೋಟೋದಲ್ಲಿ ಬಿಳಿ ಗೆರೆ. ವಾರಕ್ಕೊಮ್ಮೆ ಒಂದು ಬಣ್ಣದ ಪುಟ ತೆಗೆಯಿರಿ. ಗೆರೆ ಕಂಡರೆ ಮೊದಲು ನಾಝಲ್ ಚೆಕ್ (ತೂತುಗಳ ಪರೀಕ್ಷೆ), ಆಮೇಲೆ ಕ್ಲೀನಿಂಗ್. ಮೇಲಿಂದ ಮೇಲೆ ಕ್ಲೀನಿಂಗ್ ಒತ್ತಿದರೆ ಒಳ್ಳೆಯ ಇಂಕೇ ಒಳಗಿನ ಹೀರುಪ್ಯಾಡಿಗೆ ಹೋಗುತ್ತದೆ. ಆಫ್ ಮಾಡುವಾಗ ಯಂತ್ರದ ಬಟನ್ನನ್ನೇ ಒತ್ತಿ, ಗೋಡೆಯ ಸ್ವಿಚ್ಚನ್ನಲ್ಲ. ಬಟನ್ ಒತ್ತಿದಾಗ ಹೆಡ್ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ. ಕರೆಂಟ್ ಬಂದಾಗ ಒಮ್ಮೆ ಆನ್ ಮಾಡಿ ಆಫ್ ಮಾಡಿ. ತಿಂಗಳಿಗೆ ನಾಲ್ಕೈದು ಫೋಟೋ ಮಾತ್ರ ಬೇಕಿದ್ದರೆ ಪ್ರಿಂಟರ್ ಸಾಕುವುದೇ ದಂಡ, ಅಲ್ವಾ? ಪೇಟೆಯ ಕಲರ್ ಲ್ಯಾಬಿಗೆ ಕೊಡಿ.

ಕೊನೆಗೆ ಆಯುಧ ಪೂಜೆಯ ವಿಚಾರ. ಪ್ರಿಂಟರಿನ ಮುಚ್ಚಳ ಎತ್ತಿದರೆ ಉದ್ದಕ್ಕೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಕಾಣುತ್ತದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿವೆ. ಆ ಗೆರೆಗಳನ್ನು ಎಣಿಸಿಯೇ ಹೆಡ್ ತಾನು ಎಲ್ಲಿದ್ದೇನೆ ಅಂತ ತಿಳಿಯುವುದು. 5760ರ ಗುರಿಗಾರಿಕೆಯೂ ಇದನ್ನೇ ನಂಬಿದೆ. ಮುಚ್ಚಳ ತೆರೆದು ಒಳಗೆ ಅರಿಶಿನ ಕುಂಕುಮ ಹಚ್ಚಿದರೆ ಪುಡಿ ಹಾರಿ ಪಟ್ಟಿಗೆ ಅಂಟುತ್ತದೆ, ಹೆಡ್ ದಾರಿ ತಪ್ಪಿ ಗೋಡೆಗೆ ಢಿಕ್ಕಿ ಹೊಡೆಯುತ್ತದೆ. ಪೂಜೆ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಕುಂಕುಮ ಹೊರಗಿನ ಮುಚ್ಚಳದ ಮೇಲಿರಲಿ. ಆಗಲೇ ಪಟ್ಟಿಗೆ ಅಂಟಿದ್ದರೆ ಪ್ಲಗ್ ಕಿತ್ತು, ಮೆತ್ತನೆಯ ಬಟ್ಟೆಯನ್ನು ನೀರಲ್ಲಿ ತುಸುವೇ ಒದ್ದೆ ಮಾಡಿ ಮೃದುವಾಗಿ ಒರೆಸಿ. ಸ್ಪಿರಿಟ್ ಹಾಕಬೇಡಿ, ಕೆಲವು ಪಟ್ಟಿಗಳ ಗೆರೆಗಳೇ ಅಳಿಸಿಹೋಗುತ್ತವೆ.