ಹೋಸ್ಟ್ಸ್ ಫೈಲ್: ಡಿಎನ್‌ಎಸ್‌ಗಿಂತ ಮೊದಲು ಕಂಪ್ಯೂಟರ್ ನೋಡುವ ಪಟ್ಟಿ

ಬ್ರೌಸರ್‌ನಲ್ಲಿ ನಾವು ಸೈಟ್‌ನ ಹೆಸರು ಟೈಪ್ ಮಾಡುತ್ತೇವೆ. ಕಂಪ್ಯೂಟರ್‌ಗೆ ಬೇಕಾಗಿರುವುದು ಐಪಿ ವಿಳಾಸ, ಅಂದರೆ ಆ ಸೈಟ್ ಇರುವ ಸರ್ವರ್‌ನ ಅಂಕಿಗಳ ವಿಳಾಸ. ಅದನ್ನು ಡಿಎನ್‌ಎಸ್ ಸರ್ವರ್ ಹೇಳುತ್ತದೆ, ಅಲ್ವಾ? ಸರಿ, ಆದರೆ ಹೊರಗೆ ಕೇಳುವ ಮೊದಲು ಕಂಪ್ಯೂಟರ್ ತನ್ನೊಳಗೇ ಇರುವ ಒಂದು ಪುಟ್ಟ ಟೆಕ್ಸ್ಟ್ ಫೈಲ್ ನೋಡುತ್ತದೆ. ಅದೇ ಹೋಸ್ಟ್ಸ್ ಫೈಲ್. ಅಲ್ಲಿ ಹೆಸರು ಸಿಕ್ಕರೆ ಡಿಎನ್‌ಎಸ್ ತನಕ ಹೋಗುವುದೇ ಇಲ್ಲ.

ಇದು ಡಿಎನ್‌ಎಸ್‌ಗಿಂತ ಹಳೆಯದು. ಇಂಟರ್ನೆಟ್‌ಗೂ ಮುಂಚಿನ ಜಾಲವಾದ ಅರ್ಪಾನೆಟ್ ಕಾಲದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸ ಇಂಥದೇ ಒಂದು ಫೈಲ್‌ನಲ್ಲಿರುತ್ತಿತ್ತು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಉಳಿದವರು ಆಗಾಗ ಹೊಸ ಪ್ರತಿ ಇಳಿಸಿಕೊಳ್ಳಬೇಕಿತ್ತು. ಕಂಪ್ಯೂಟರ್‌ಗಳು ಜಾಸ್ತಿಯಾದಂತೆ ಇದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಫೈಲ್ ಮಾತ್ರ ಉಳಿದುಕೊಂಡಿತು.

ಲಿನಕ್ಸ್‌ನಲ್ಲಿ ಇದು ಇಟಿಸಿ ಫೋಲ್ಡರ್‌ನಲ್ಲಿದೆ. ವಿಂಡೋಸ್‌ನಲ್ಲಿ ಸಿಸ್ಟಮ್32 ಒಳಗಿನ ಡ್ರೈವರ್ಸ್, ಅದರೊಳಗಿನ ಇಟಿಸಿ. ಬದಲಿಸಲು ಅಡ್ಮಿನ್ ಹಕ್ಕು ಬೇಕು. ಫೈಲ್ ಹೆಸರಿಗೆ ಎಕ್ಸ್‌ಟೆನ್ಷನ್ ಇರಬಾರದು. ನೋಟ್‌ಪ್ಯಾಡ್ ಸುಮ್ನೆ ಬಿಟ್ಟರೆ ಕೊನೆಗೆ ‘.ಟಿಎಕ್ಸ್‌ಟಿ’ ಅಂಟಿಸಿಬಿಡುತ್ತದೆ, ಆಮೇಲೆ ಯಾಕೆ ಕೆಲಸ ಮಾಡುತ್ತಿಲ್ಲ ಅಂತ ತಲೆ ಕೆರೆದುಕೊಳ್ಳಬೇಕು. ಬರೆಯುವ ರೀತಿ ಸುಲಭ: ಸಾಲಿನಲ್ಲಿ ಮೊದಲು ವಿಳಾಸ, ಜಾಗ ಬಿಟ್ಟು ಹೆಸರು. 127.0.0.1 ಅಂದರೆ ಇದೇ ಕಂಪ್ಯೂಟರ್, ಅದರ ಹೆಸರು ಲೋಕಲ್‌ಹೋಸ್ಟ್. ವಿಳಾಸದ ಕೊನೆಗೆ ‘:8080’ ಥರ ಪೋರ್ಟ್ ನಂಬರ್ ಬರೆಯುವಂತಿಲ್ಲ. ನಕ್ಷತ್ರ ಚಿಹ್ನೆ ಹಾಕಿ ಎಲ್ಲ ಸಬ್‌ಡೊಮೇನ್‌ಗಳನ್ನು (ಒಂದೇ ಸೈಟ್‌ನ ಉಪಹೆಸರುಗಳನ್ನು) ಒಟ್ಟಿಗೆ ಸೇರಿಸಲೂ ಆಗದು.

ಹೆಚ್ಚು ಉಪಯೋಗ ವೆಬ್ ಡೆವಲಪರ್‌ಗಳಿಗೆ. ಸೈಟನ್ನು ಹೊಸ ಸರ್ವರ್‌ಗೆ ಸಾಗಿಸುವಾಗ, ತಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಆ ಹೆಸರಿಗೆ ಹೊಸ ವಿಳಾಸ ಕೊಟ್ಟು ಪರೀಕ್ಷಿಸುತ್ತಾರೆ. ಲೋಕಕ್ಕೆಲ್ಲ ಹಳೆಯ ಸೈಟೇ ಕಾಣುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಆ ಸಾಲು ಅಳಿಸಬೇಕು, ಇಲ್ಲದಿದ್ದರೆ ತಿಂಗಳುಗಳ ನಂತರ ಅದೇ ಕಾಟ ಕೊಡುತ್ತದೆ. ಹೊಸದಾಗಿ ಹೆಸರಿಡುವಾಗ ಕೊನೆಗೆ ‘.ಟೆಸ್ಟ್’ ಇರಲಿ. ಪರೀಕ್ಷೆಗೆಂದೇ 1999ರಲ್ಲಿ ಅದನ್ನು ಮೀಸಲಿಟ್ಟಿದ್ದಾರೆ. ‘.ಲೋಕಲ್’ ಬೇಡ, ಅದನ್ನು ಮನೆ, ಕಚೇರಿಯ ಒಳಜಾಲದಲ್ಲಿ ಸಾಧನಗಳು ಒಂದನ್ನೊಂದು ಹುಡುಕುವ ಮಲ್ಟಿಕಾಸ್ಟ್ ಡಿಎನ್‌ಎಸ್ ಬಳಸುತ್ತದೆ.

ಡಿಎನ್‌ಎಸ್‌ಗಿಂತ ಮೊದಲು ಈ ಫೈಲ್ ನೋಡುವ ಗುಣ ವೈರಸ್‌ಗಳಿಗೂ ಅನುಕೂಲ. ಬ್ಯಾಂಕ್ ಹೆಸರಿಗೆ ಕಳ್ಳ ವಿಳಾಸ ಬರೆದರೆ ಸಾಕು. ನೀವು ಬರೆಯದ ಸಾಲುಗಳು ಕಂಡರೆ ಅನುಮಾನಿಸಿ.

ಸರಿಯಾಯಿತೇ ಎಂದು ನೋಡಲು ಎನ್‌ಎಸ್‌ಲುಕಪ್ ಕಮಾಂಡ್ ಬೇಡ. ಅದು ಹೋಸ್ಟ್ಸ್ ಫೈಲ್ ನೋಡದೆ ನೇರ ಡಿಎನ್‌ಎಸ್ ಸರ್ವರ್‌ಗೆ ಕೇಳುತ್ತದೆ. ಪಿಂಗ್ ಕಮಾಂಡ್‌ಗೆ ಆ ಹೆಸರು ಕೊಟ್ಟು, ಯಾವ ವಿಳಾಸ ಬರುತ್ತದೋ ನೋಡಿ.