ಮಳೆಗಾಲದಲ್ಲಿ ಹ್ಯಾಮ್‌ಸ್ಟರ್‌ಗೆ ಏನು, ಎಷ್ಟು, ಯಾವಾಗ?

ಬಟ್ಟಲು ಖಾಲಿಯಾಯಿತೆಂದು ಮತ್ತೆ ಮತ್ತೆ ಕಾಳು ಸುರಿಯಬೇಡಿ. ಹ್ಯಾಮ್‌ಸ್ಟರ್ ಅದನ್ನೆಲ್ಲ ತಿಂದಿರುವುದಿಲ್ಲ. ಭುಜದವರೆಗೂ ಹಿಗ್ಗುವ ಕೆನ್ನೆಚೀಲದಲ್ಲಿ ತುಂಬಿಕೊಂಡು ಹೋಗಿ ಗೂಡಿನ ಮೂಲೆಯಲ್ಲಿ ಬಚ್ಚಿಟ್ಟಿರುತ್ತದೆ. ಸಿರಿಯನ್ ಹ್ಯಾಮ್‌ಸ್ಟರ್‌ನ ತವರಾದ ಸಿರಿಯಾದ ಅಲೆಪ್ಪೊ ಸುತ್ತಲಿನ ಒಣನೆಲದಲ್ಲಿ, ಬಿಲದೊಳಗಿನ ಇಂಥ ದಾಸ್ತಾನು ಸುಲಭಕ್ಕೆ ಕೆಡುವುದಿಲ್ಲ. ಜುಲೈ ತಿಂಗಳ ಕಾರವಾರದಲ್ಲಿ ಬೇಗನೆ ಬೂಷ್ಟು ಹಿಡಿಯುತ್ತದೆ.

ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ಗೆ ದಿನಕ್ಕೆ 10ರಿಂದ 12 ಗ್ರಾಂ ಒಣ ಆಹಾರ, ಅಂದರೆ ಸುಮಾರು ಒಂದು ದೊಡ್ಡ ಚಮಚ ಸಾಕು. ಕುಬ್ಜ ಜಾತಿಗಳಿಗೆ ಅದರರ್ಧ. ರಾತ್ರಿ ಓಡಾಡುವ ಪ್ರಾಣಿಯಾದ್ದರಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಕಿ. ಅದರಲ್ಲಿ ಹೆಚ್ಚಿನ ಪಾಲು ಶೇ. 16ರಿಂದ 18 ಪ್ರೋಟೀನ್ ಇರುವ ಪೆಲೆಟ್ (ಗುಳಿಗೆಯಂತೆ ಒತ್ತಿದ ಸಿದ್ಧ ಆಹಾರ) ಇರಲಿ, ಜೊತೆಗೆ ಒಂದಿಷ್ಟು ನವಣೆ, ರಾಗಿ. ಬರೀ ಕಾಳುಮಿಶ್ರಣ ಕೊಟ್ಟರೆ ಸೂರ್ಯಕಾಂತಿ ಬೀಜವನ್ನಷ್ಟೇ ಆರಿಸಿ ತಿಂದು ಕೊಬ್ಬುತ್ತದೆ.

ಸೌತೆಕಾಯಿ, ಕ್ಯಾರೆಟ್ ವಾರಕ್ಕೆ ಎರಡು ಮೂರು ಸಲ, ಉಗುರಿನಷ್ಟು ತುಂಡು, ನೀರು ಒರೆಸಿ. ಉಳಿದದ್ದನ್ನು ನೀವು ಮಲಗುವ ಮೊದಲೇ ತೆಗೆದುಬಿಡಿ. ಈರುಳ್ಳಿ, ಬೆಳ್ಳುಳ್ಳಿ, ನಿಂಬೆ, ಉಪ್ಪುಮೀನು ಬೇಡವೇ ಬೇಡ. ಹಲಸಿನ ತೊಳೆ, ಬೆಲ್ಲ ಪ್ರೀತಿಯಿಂದ ಕೊಟ್ಟರೂ ಕೆನ್ನೆಚೀಲದೊಳಗೆ ಅಂಟಿ, ಅಲ್ಲೇ ಕೊಳೆತು ಹುಣ್ಣಾಗಬಹುದು.

ಶೇಂಗಾದ ವಿಷಯದಲ್ಲಿ ಮಾತ್ರ ಸ್ವಲ್ಪವೂ ರಾಜಿ ಬೇಡ. ತೇವ ತಗುಲಿದ ಬೀಜದಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತನ್ನು ಹಾಳುಗೆಡವುತ್ತದೆ. ಮನೆಯಲ್ಲಿ ಹುರಿದರೆ ಈ ವಿಷ ಪೂರ್ತಿ ಹೋಗದು, ಬೂಷ್ಟು ಒರೆಸಿದರೂ ಹೋಗದು. ಶಿರಸಿಯ ಮಳೆಗೆ ಕಿಲೋಗಟ್ಟಲೆ ಕೊಂಡಿಡುವ ಬದಲು 250 ಗ್ರಾಂ ಪೊಟ್ಟಣ ತಂದು ಬಿಗಿಮುಚ್ಚಳದ ಡಬ್ಬಿಗೆ ಹಾಕಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನಕ್ಕೊಮ್ಮೆ ಗೂಡಿನ ಮೂಲೆ ಕೆದಕಿ ನೋಡಿ. ಕಾಳು ಒಂದಕ್ಕೊಂದು ಅಂಟಿದ್ದರೆ, ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ತೆಗೆಯಿರಿ. ಆದರೆ ಜಾಗ ಬರಿದು ಮಾಡಬೇಡಿ, ಗಾಬರಿಯಾಗುತ್ತದೆ; ಅಲ್ಲೇ ಸ್ವಲ್ಪ ಒಣಕಾಳು ಇಡಿ. ನೀರಿನ ಬಾಟಲಿಯ ನಳಿಕೆ ಕೆಳಗೆ ಕಾಗದ ಹಾಸಿ: ಪ್ರಾಣಿ ಹತ್ತಿರ ಬರದೆಯೂ ಅದು ಒದ್ದೆಯಾದರೆ ಬಾಟಲಿ ಸೋರುತ್ತಿದೆ, ಬದಲಿಸಿ.

ಬಾಲದ ಬುಡ ಒದ್ದೆಯಾಗಿ, ಬೆನ್ನು ಗೂನಾಗಿ ಮುದುಡಿ ಕೂತರೆ ಅದು ಭೇದಿ. ಮರಿಗಳು ಒಂದೆರಡು ದಿನದಲ್ಲೇ ಸಾಯಬಹುದು. ತರಕಾರಿ ನಿಲ್ಲಿಸಿ, ನೀರು ನಿಲ್ಲಿಸಬೇಡಿ, ಅವತ್ತೇ ಪಶುವೈದ್ಯರಿಗೆ ತೋರಿಸಿ.